ಗುಳ್ಳೆ ನಿಂತರೆ ಹುದುಗುವಿಕೆ ಮುಗಿಯಿತೇ?



ರಾತ್ರಿ ಅಮ್ಮ ದೋಸೆಗೆ ಅಕ್ಕಿ, ಉದ್ದು ಕಡೆದು ಪಾತ್ರೆಯಲ್ಲಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದು ಒಮ್ಮೆ ನೋಡುತ್ತಾರೆ, ಒಮ್ಮೆ ಮೂಸುತ್ತಾರೆ, ಸೌಟು ಹಾಕಿ ತಿರುಗಿಸುತ್ತಾರೆ. "ಹಿಟ್ಟು ಸರಿಯಾಗಿ ಬಂದಿದೆ" ಅಂತ ಹೇಳಿಬಿಡುತ್ತಾರೆ. ಜೋರು ಮಳೆಗಾಲದಲ್ಲಿ ಅದೇ ಅಮ್ಮ "ಇವತ್ತು ಹಿಟ್ಟು ಬರಲೇ ಇಲ್ಲ, ಇನ್ನೂ ಎರಡು ಗಂಟೆ ಇರಲಿ" ಎನ್ನುತ್ತಾರೆ. ಅವರ ಕೈಯಲ್ಲಿ ಯಾವ ಉಪಕರಣವೂ ಇಲ್ಲ. ಕಣ್ಣು, ಮೂಗು ಮತ್ತು ಹಲವು ವರ್ಷಗಳ ಅಭ್ಯಾಸ, ಅಷ್ಟೇ. ಅವರ ಅಂದಾಜು ತಪ್ಪಿದರೂ ದೊಡ್ಡ ನಷ್ಟವಿಲ್ಲ. ದೋಸೆ ಸ್ವಲ್ಪ ಹುಳಿಯಾದೀತು, ಇಲ್ಲವೇ ಸ್ವಲ್ಪ ಗಟ್ಟಿಯಾದೀತು.

ಆದರೆ ಹುದುಗುವ ವಸ್ತುವನ್ನು ಬಾಟಲಿಗೆ ತುಂಬಿ, ಗಾಳಿ ಆಡದಂತೆ ಬಿರಡೆ ಹಾಕಬೇಕಾಗಿ ಬಂದರೆ? ಆಗ "ಮುಗಿದ ಹಾಗೆ ಕಾಣುತ್ತದೆ" ಎಂಬ ಮಾತು ಸಾಲದು. ಮುಗಿಯದೆ ಮುಚ್ಚಿದರೆ ಬಾಟಲಿಯೇ ಒಡೆದು ಗಾಜು ಸಿಡಿಯಬಹುದು. ಮನೆಯಲ್ಲಿ ಬಿಯರ್ ಮಾಡುವ ಪದ್ಧತಿ ಇರುವ ದೇಶಗಳಲ್ಲಿ ಇದು ನಿಜವಾಗಿ ಎದುರಾಗುವ ಅಪಾಯ. ಅವರು ಈ ಪ್ರಶ್ನೆಯನ್ನು ಹೇಗೆ ಬಿಡಿಸುತ್ತಾರೆ ಎಂದು ಈ ಪಾಠದಲ್ಲಿ ನೋಡೋಣ. ನಮಗೆ ಬೇಕಾದದ್ದು ಬಿಯರ್ ಅಲ್ಲ. ಒಂದು ಕ್ರಿಯೆ "ನಿಂತಿದೆ" ಎನ್ನುವುದಕ್ಕೂ "ಮುಗಿದಿದೆ" ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ವಿಜ್ಞಾನ ಹೇಗೆ ಗುರುತಿಸುತ್ತದೆ ಎಂಬುದು ನಮಗೆ ಬೇಕು.

ಒಳಗೆ ನಡೆಯುವುದೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಇದಕ್ಕೆ ಮಾಲ್ಟ್ ಎಂದು ಹೆಸರು. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿಟ್ಟಾಗ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಗಳಾಗಿ ಒಡೆಯುತ್ತವೆ. ಈ ಸಿಹಿ ನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ. ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಹೊರಗೆ ಬಿಡುತ್ತದೆ.

ನಾವು ಬಳಸುವ ಬಿಳಿ ಸಕ್ಕರೆಗೆ ಲೆಕ್ಕ ಹೀಗಿದೆ: 342 ಗ್ರಾಂ ಸಕ್ಕರೆ 18 ಗ್ರಾಂ ನೀರಿನೊಂದಿಗೆ ಸೇರಿ 184 ಗ್ರಾಂ ಆಲ್ಕೋಹಾಲ್ ಮತ್ತು 176 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕೂಡಿಸಿ ನೋಡಿ. ಎಡಗಡೆ 360, ಬಲಗಡೆಯೂ 360. ಅಂದರೆ ಹುದುಗಿದ ಸಕ್ಕರೆಯ ತೂಕದ ಸುಮಾರು ಅರ್ಧದಷ್ಟು ಅನಿಲವಾಗಿ ಹಾರಿಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೂರು ಸಲ ಬೇಕಾಗುತ್ತದೆ.

ಈ ಅನಿಲ ವಿಜ್ಞಾನದ ಇತಿಹಾಸದಲ್ಲೂ ಕೆಲಸ ಮಾಡಿದೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಲೀಡ್ಸ್ ನಗರದಲ್ಲಿ ಒಂದು ಬಿಯರ್ ತಯಾರಿಕಾ ಶಾಲೆಯ ಪಕ್ಕದಲ್ಲಿ ವಾಸವಾಗಿದ್ದರು. ಹುದುಗುವ ತೊಟ್ಟಿಗಳ ಮೇಲೆ ನಿಂತಿರುವ ಗಾಳಿಯಲ್ಲಿ ಉರಿಯುವ ಕಡ್ಡಿ ಆರಿಹೋಗುವುದನ್ನು ಅವರು ಗಮನಿಸಿದರು. ಆ ಗಾಳಿಯನ್ನು ನೀರಿಗೆ ಬೆರೆಸಿ ಸೋಡಾ ನೀರು ಮಾಡುವ ವಿಧಾನವನ್ನು 1772ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಲವಾಸಿಯೇ ಹುದುಗುವ ಮೊದಲು ಇದ್ದದ್ದನ್ನೂ ಹುದುಗಿದ ಮೇಲೆ ಉಳಿದದ್ದನ್ನೂ ತೂಗಿ ಲೆಕ್ಕ ಹಾಕಿದರು. ನೀವು ಕಲಿಯುವ ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ಅವರು ತಮ್ಮ 1789ರ ರಸಾಯನಶಾಸ್ತ್ರ ಪುಸ್ತಕದಲ್ಲಿ ವಿವರಿಸಿದ್ದು ಹುದುಗುವಿಕೆಯ ಅಧ್ಯಾಯದಲ್ಲೇ. ಮುಂದೆ ಲೂಯಿ ಪಾಶ್ಚರ್, ಈ ಕೆಲಸ ಮಾಡುವುದು ಜೀವಂತ ಯೀಸ್ಟ್ ಎಂದು ತೋರಿಸಿದರು. ಬಿಯರಿನ ಬಗ್ಗೆಯೇ 1876ರಲ್ಲಿ ಒಂದು ಪುಸ್ತಕ ಬರೆದರು.

ಗುಳ್ಳೆಯನ್ನು ನಂಬಬಹುದೇ?

ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಗೆ ಬಿಯರ್ ಮಾಡಲು ಪರವಾನಗಿ ಬೇಕಿಲ್ಲ. ಅಲ್ಲಿಯವರು ದೊಡ್ಡ ಬಕೆಟಿನಲ್ಲೋ ಜಾಡಿಯಲ್ಲೋ ಇದನ್ನು ಹುದುಗಿಸುತ್ತಾರೆ. ಮುಚ್ಚಳದಲ್ಲಿ ಏರ್‌ಲಾಕ್ ಎಂಬ ಸಣ್ಣ ಕೊಳವೆ ಇರುತ್ತದೆ. ಅದರಲ್ಲಿ ಸ್ವಲ್ಪ ನೀರು ಹಾಕಿರುತ್ತಾರೆ. ಒಳಗಿನ ಅನಿಲ ಆ ನೀರಿನ ಮೂಲಕ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಮೊದಲ ಎರಡು ಮೂರು ದಿನ ಗುಳುಗುಳು ಎಂದು ಗುಳ್ಳೆ ಬರುತ್ತಲೇ ಇರುತ್ತದೆ. ಆಮೇಲೆ ನಿಧಾನವಾಗುತ್ತದೆ. ಒಂದು ದಿನ ನಿಂತೇಬಿಡುತ್ತದೆ.

ಹೊಸಬರು ಇಲ್ಲೇ ತಪ್ಪುವುದು. "ಗುಳ್ಳೆ ನಿಂತಿತು, ಆದ್ದರಿಂದ ಮುಗಿಯಿತು" ಅಂತ ತೀರ್ಮಾನಿಸುತ್ತಾರೆ. ಇದು ತಪ್ಪಾಗಬಹುದು, ಯಾಕೆಂದರೆ:

1. ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಅನಿಲ ಬದಿಯಿಂದ ಸೋರಿಹೋಗುತ್ತದೆ. ಒಳಗೆ ಕೆಲಸ ಜೋರಾಗಿ ನಡೆಯುತ್ತಿದ್ದರೂ ಏರ್‌ಲಾಕಿನಲ್ಲಿ ಗುಳ್ಳೆ ಕಾಣುವುದಿಲ್ಲ.

2. ಕ್ರಿಯೆ ನಿಧಾನವಾದಾಗ ಹೊರಬರುವ ಅನಿಲ ತೀರಾ ಕಡಿಮೆ. ಗುಳ್ಳೆ ಗಂಟೆಗೊಮ್ಮೆ ಬಂದರೆ ನಿಮ್ಮ ಕಣ್ಣಿಗೆ ಬೀಳದೆ ಹೋಗಬಹುದು.

3. ಚಳಿ ಬಿದ್ದರೆ ಯೀಸ್ಟ್ ಮಂಕಾಗಿ ತಳಕ್ಕೆ ಕೂರುತ್ತದೆ. ಸಕ್ಕರೆ ಇನ್ನೂ ಉಳಿದಿರುತ್ತದೆ. ಬೆಚ್ಚಗಾದ ಕೂಡಲೇ ಮತ್ತೆ ಶುರು.

ಇದರ ತಿರುವುಮುರುವೂ ಉಂಟು. ಹುದುಗುವಿಕೆ ಪೂರ್ತಿ ಮುಗಿದ ಮೇಲೂ ಗುಳ್ಳೆ ಬರಬಹುದು. ತಣ್ಣಗಿನ ದ್ರವದಲ್ಲಿ ಅನಿಲ ಹೆಚ್ಚು ಕರಗಿರುತ್ತದೆ. ಮಧ್ಯಾಹ್ನ ಕೋಣೆ ಬಿಸಿಯಾದಾಗ ಕರಗಿದ ಅನಿಲ ಹೊರಗೆ ಬರುತ್ತದೆ. ಅದು ಯೀಸ್ಟಿನ ಹೊಸ ಕೆಲಸ ಅಲ್ಲ, ಹಳೆಯ ಅನಿಲದ ಬಿಡುಗಡೆ.

ಹಾಗಾದರೆ ಗುಳ್ಳೆ ಒಂದು ಸೂಚನೆ, ಪುರಾವೆ ಅಲ್ಲ. ಬಸ್ಸಿನ ಸದ್ದು ನಿಂತರೆ ಬಸ್ಸು ಕೊನೆಯ ನಿಲ್ದಾಣ ಮುಟ್ಟಿತು ಎಂದು ಹೇಳಲಾಗುತ್ತದೆಯೇ? ದಾರಿಯಲ್ಲಿ ಕೆಟ್ಟು ನಿಂತಿರಲೂಬಹುದು.

ತಪ್ಪಿದರೆ ಏನಾಗುತ್ತದೆ?

ಬಿಯರ್ ನೊರೆ ಬರುವಂತಿರಬೇಕಾದರೆ ಅದರಲ್ಲಿ ಅನಿಲ ಬೇಕು. ಅದಕ್ಕಾಗಿ ಪೂರ್ತಿ ಹುದುಗಿದ ಬಿಯರಿಗೆ, 1 ಲೀಟರಿಗೆ ಸುಮಾರು 6–7 ಗ್ರಾಂ ಸಕ್ಕರೆಯನ್ನು ಬೇಕೆಂದೇ ಸೇರಿಸಿ ಬಾಟಲಿ ಮುಚ್ಚುತ್ತಾರೆ. ಉಳಿದಿರುವ ಯೀಸ್ಟ್ ಇದನ್ನು ತಿಂದು ಬೇಕಾದಷ್ಟೇ ಅನಿಲ ಕೊಡುತ್ತದೆ. ಬಾಟಲಿ ಅಷ್ಟನ್ನು ತಡೆದುಕೊಳ್ಳುತ್ತದೆ.

ಈಗ ಹುದುಗುವಿಕೆ ಮುಗಿದಿರಲಿಲ್ಲ ಎಂದುಕೊಳ್ಳಿ. ಲೀಟರಿನಲ್ಲಿ ಇನ್ನೂ 20 ಗ್ರಾಂ ಸಕ್ಕರೆ ಉಳಿದಿತ್ತು. ಅದರ ಅರ್ಧ, ಅಂದರೆ ಸುಮಾರು 10 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. 44 ಗ್ರಾಂ ಅನಿಲ ಕೋಣೆಯ ಉಷ್ಣತೆಯಲ್ಲಿ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ 10 ಗ್ರಾಂ ಎಷ್ಟು? 5 ಲೀಟರಿಗಿಂತ ಹೆಚ್ಚು! ಒಂದು ಲೀಟರ್ ದ್ರವ ತುಂಬಿದ ಬಾಟಲಿಯ ಒಳಗೆ ಐದು ಲೀಟರ್ ಅನಿಲ ಸಿಕ್ಕಿಬಿದ್ದರೆ ಒತ್ತಡ ಎಷ್ಟಾದೀತು, ನೀವೇ ಯೋಚಿಸಿ. ಅದರ ಮೇಲೆ ಬೇಕೆಂದು ಹಾಕಿದ ಸಕ್ಕರೆಯ ಅನಿಲ ಬೇರೆ. ಗಾಜಿನ ಬಾಟಲಿಗಳು ಕಪಾಟಿನೊಳಗೇ ಒಡೆಯುವುದು ಹೀಗೆ.

ಸಾಂದ್ರತೆ ಹೇಳುವ ಸಾಕ್ಷಿ

ನಿಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಗಾಜಿನ ಕೊಳವೆಯೊಂದನ್ನು ಹಾಲಿನಲ್ಲಿ ತೇಲಿಬಿಟ್ಟು ನೋಡುವುದನ್ನು ಕಂಡಿದ್ದೀರಾ? ಅದು ಲ್ಯಾಕ್ಟೋಮೀಟರ್. ಹಾಲಿಗೆ ನೀರು ಬೆರೆತರೆ ಸಾಂದ್ರತೆ ಕಡಿಮೆಯಾಗಿ ಕೊಳವೆ ಹೆಚ್ಚು ಮುಳುಗುತ್ತದೆ. ಬಿಯರ್ ಮಾಡುವವರು ಬಳಸುವ ಹೈಡ್ರೋಮೀಟರ್ ಕೂಡ ಇದೇ ಜಾತಿಯದು. ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಇದನ್ನು ಬಿಯರ್ ತಯಾರಿಕೆಗೆ ಒಗ್ಗಿಸುವ ಬಗ್ಗೆ ಬರೆದರು.

ತತ್ವ ಆರ್ಕಿಮಿಡೀಸನದ್ದು. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಸಕ್ಕರೆ ಕರಗಿದ ದಟ್ಟ ದ್ರವದಲ್ಲಿ ಸ್ವಲ್ಪ ಮುಳುಗಿದರೆ ಸಾಕು. ತೆಳು ದ್ರವದಲ್ಲಿ ಹೆಚ್ಚು ಮುಳುಗಬೇಕು.

ನೀರಿನ ಸಾಪೇಕ್ಷ ಸಾಂದ್ರತೆ 1.000. ಯೀಸ್ಟ್ ಹಾಕುವ ಮೊದಲು ಮಾಲ್ಟಿನ ಸಿಹಿ ನೀರು ಸಾಮಾನ್ಯವಾಗಿ 1.050ರ ಆಸುಪಾಸಿನಲ್ಲಿರುತ್ತದೆ. ಸಕ್ಕರೆ ಕರಗುತ್ತಾ ಹೋಗಿ, ಅದರ ಜಾಗದಲ್ಲಿ ಆಲ್ಕೋಹಾಲ್ ಬಂದಂತೆ ಅಂಕಿ ಇಳಿಯುತ್ತದೆ. ಯಾಕೆಂದರೆ ಆಲ್ಕೋಹಾಲಿನ ಸಾಂದ್ರತೆ ನೀರಿಗಿಂತ ಕಡಿಮೆ, 0.789 ಮಾತ್ರ. ಕೊನೆಗೆ ಹಲವು ಬಿಯರುಗಳು 1.010ರ ಹತ್ತಿರ ನಿಲ್ಲುತ್ತವೆ.

ಆದರೆ "1.010 ಬಂದರೆ ಮುಗಿಯಿತು" ಎಂದು ಸೂತ್ರ ಮಾಡಿಕೊಳ್ಳಬೇಡಿ. ಮಾಲ್ಟಿನ ನೀರಿನಲ್ಲಿ ಡೆಕ್ಸ್‌ಟ್ರಿನ್ ಎಂಬ ಉದ್ದ ಸರಪಳಿಯ ಅಣುಗಳೂ ಇರುತ್ತವೆ. ಸಾಮಾನ್ಯ ಬಿಯರ್ ಯೀಸ್ಟಿಗೆ ಅವನ್ನು ತಿನ್ನಲಾಗದು, ಹಾಗಾಗಿ ಅವು ಹಾಗೆಯೇ ಉಳಿಯುತ್ತವೆ. ಅವು ಎಷ್ಟಿವೆ ಎಂಬುದು ಮಾಲ್ಟನ್ನು ಎಷ್ಟು ಬಿಸಿಯಲ್ಲಿ ನೆನೆಸಿದರು ಎಂಬುದರ ಮೇಲೆ ನಿಂತಿದೆ. ಒಂದು ಜಾಡಿ 1.008ಕ್ಕೆ ಮುಗಿಯಬಹುದು, ಇನ್ನೊಂದು 1.016ಕ್ಕೆ. ಬರೀ ಸಕ್ಕರೆ ನೀರಾದರೆ 1.000ಕ್ಕಿಂತ ಕೆಳಗೂ ಹೋಗಬಹುದು.

ಹಾಗಾದರೆ ಹೇಗೆ ತಿಳಿಯುವುದು? ಒಂದು ಅಂಕಿ ಸಾಲದು. ಅಂಕಿ ಬದಲಾಗದೆ ಇರುವುದೇ ಇಲ್ಲಿ ಸಾಕ್ಷಿ. ಇವತ್ತು ಅಳೆಯಿರಿ, ಎರಡು ದಿನ ಬಿಟ್ಟು ಅಳೆಯಿರಿ, ಮತ್ತೊಮ್ಮೆ ಅಳೆಯಿರಿ. ಮೂರು ಸಲವೂ ಒಂದೇ ಬಂದರೆ ಇಳಿಯುವುದು ನಿಂತಿದೆ ಎಂದು ಧೈರ್ಯವಾಗಿ ಹೇಳಬಹುದು.

ಅಳೆಯುವಾಗಲೂ ಎರಡು ಮೋಸಗಳಿವೆ. ಒಂದು, ಗುಳ್ಳೆಗಳು ಕೊಳವೆಗೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ. ಆಗ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಗುಳ್ಳೆ ಉದುರುತ್ತದೆ. ಎರಡು, ಬಿಸಿ ದ್ರವ ಹಿಗ್ಗಿ ತೆಳುವಾಗುವುದರಿಂದ ಅಂಕಿ ಕಡಿಮೆ ಕಾಣುತ್ತದೆ. ಅದಕ್ಕೆ ಪ್ರತಿ ಸಲವೂ ಒಂದೇ ಉಷ್ಣತೆಯಲ್ಲಿ ಅಳೆಯಬೇಕು.

ನಿಂತದ್ದೋ, ಮುಗಿದದ್ದೋ?

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: "ಸರ್, ಚಳಿಗೆ ಯೀಸ್ಟ್ ಮಲಗಿಬಿಟ್ಟರೆ ಆಗಲೂ ಅಂಕಿ ಮೂರು ಸಲ ಒಂದೇ ಬರುತ್ತದಲ್ಲ?" ಸರಿಯಾದ ಪ್ರಶ್ನೆ! ಅಂಕಿ ಬದಲಾಗದಿರುವುದು "ನಿಂತಿದೆ" ಎಂದಷ್ಟೇ ಹೇಳುತ್ತದೆ. "ಮುಗಿದಿದೆ" ಎಂದು ಹೇಳಲು ಇನ್ನೊಂದು ಹೆಜ್ಜೆ ಬೇಕು.

ಅನುಭವಿ ತಯಾರಕರು ಹೀಗೆ ಮಾಡುತ್ತಾರೆ. ಮೊದಲ ದಿನವೇ ದೊಡ್ಡ ಜಾಡಿಯಿಂದ ಒಂದು ಲೋಟದಷ್ಟು ದ್ರವ ಬೇರೆ ತೆಗೆಯುತ್ತಾರೆ. ಅದಕ್ಕೆ ಧಾರಾಳ ಯೀಸ್ಟ್ ಹಾಕಿ ಬೆಚ್ಚಗಿನ ಜಾಗದಲ್ಲಿ ಇಟ್ಟು ಆಗಾಗ ಅಲುಗಾಡಿಸುತ್ತಾರೆ. ಯೀಸ್ಟಿಗೆ ಎಲ್ಲ ಅನುಕೂಲ ಸಿಕ್ಕಿದ ಈ ಸಣ್ಣ ಪಾಲು ಬೇಗನೆ ಕೊನೆ ಮುಟ್ಟುತ್ತದೆ. ಅದು 1.010ಕ್ಕೆ ನಿಂತರೆ ದೊಡ್ಡ ಜಾಡಿಯೂ ಹೆಚ್ಚುಕಡಿಮೆ ಅಲ್ಲಿಗೇ ಬರಬೇಕು. ದೊಡ್ಡ ಜಾಡಿ 1.020ಕ್ಕೇ ನಿಂತಿದ್ದರೆ ಅದು ಮುಗಿದದ್ದಲ್ಲ, ದಾರಿಯಲ್ಲಿ ಕೆಟ್ಟು ನಿಂತ ಬಸ್ಸು. ಬೆಚ್ಚಗೆ ಮಾಡಿ ಯೀಸ್ಟನ್ನು ಎಬ್ಬಿಸಬೇಕು.

ನೋಡಿ, ಇದು ಹೋಲಿಕೆಯ ಪ್ರಯೋಗ. ನಾವು ತಿಳಿಯಬೇಕಾದ ಕೊನೆಯನ್ನು ಇನ್ನೊಂದು ಕಡೆ ಮೊದಲೇ ಮುಟ್ಟಿಸಿ ನೋಡುವುದು.

ಮಾಡಿ ನೋಡಿ: ತಕ್ಕಡಿಯಿಂದ ಕೊನೆಯನ್ನು ಹಿಡಿಯುವುದು

ಹೈಡ್ರೋಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಲವಾಸಿಯೇ ಹಿಡಿದ ದಾರಿ ನಮಗೂ ಉಂಟು. ಹೋದ ಅನಿಲಕ್ಕೆ ತೂಕವಿದೆ. ಆದ್ದರಿಂದ ಉಳಿದದ್ದನ್ನು ತೂಗಿದರೆ ಸಾಕು. ಇದನ್ನು ಶಾಲೆಯಲ್ಲಿ, ನಿಮ್ಮ ವಿಜ್ಞಾನ ಶಿಕ್ಷಕರ ಎದುರಿನಲ್ಲೇ ಮಾಡಿ.

ಬೇಕಾದದ್ದು: ಒಂದೇ ಥರದ ಎರಡು ಪ್ಲಾಸ್ಟಿಕ್ ಬಾಟಲಿ (1 ಲೀಟರಿನದು), ಸಕ್ಕರೆ 40 ಗ್ರಾಂ, ಕುದಿಸಿ ಆರಿಸಿದ ನೀರು 400 ಮಿಲಿಲೀಟರ್, ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಯೀಸ್ಟ್ 3 ಗ್ರಾಂ, ಹತ್ತಿ, 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ.

ವಿಧಾನ: ಎರಡೂ ಬಾಟಲಿಗೆ ತಲಾ 200 ಮಿಲಿಲೀಟರ್ ನೀರು, 20 ಗ್ರಾಂ ಸಕ್ಕರೆ ಹಾಕಿ ಕರಗಿಸಿ. "ಅ" ಬಾಟಲಿಗೆ ಮಾತ್ರ ಯೀಸ್ಟ್ ಹಾಕಿ. "ಆ" ಬಾಟಲಿಗೆ ಬೇಡ. ಎರಡರ ಬಾಯಿಗೂ ಹತ್ತಿಯನ್ನು ಸಡಿಲವಾಗಿ ಇಡಿ. ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಿ ಬಿಗಿ ಮಾಡಬೇಡಿ. 20 ಗ್ರಾಂ ಸಕ್ಕರೆಯಿಂದ 5 ಲೀಟರ್ ಅನಿಲ ಎಂಬ ಲೆಕ್ಕ ಮರೆಯಬೇಡಿ! ಎರಡನ್ನೂ ಅಕ್ಕಪಕ್ಕ ಬೆಚ್ಚಗಿನ ಜಾಗದಲ್ಲಿಡಿ. ದಿನಕ್ಕೆ ಎರಡು ಸಲ ತೂಗಿ ಬರೆದಿಡಿ.

"ಆ" ಬಾಟಲಿ ಯಾಕೆ? ನೀರು ಆವಿಯಾಗಿಯೂ ತೂಕ ಇಳಿಯುತ್ತದೆ. "ಆ"ದಲ್ಲಿ ಇಳಿದದ್ದು ಬರೀ ಆವಿ. "ಅ"ದಲ್ಲಿ ಇಳಿದದ್ದು ಆವಿ ಮತ್ತು ಅನಿಲ. ಕಳೆದರೆ ಅನಿಲ ಸಿಗುತ್ತದೆ.

ಉದಾಹರಣೆಗೆ ಅಂಕಿಗಳು ಹೀಗೆ ಬಂದವು ಎಂದಿಟ್ಟುಕೊಳ್ಳಿ (ನಿಮ್ಮದು ಬೇರೆಯೇ ಬರಬಹುದು):

ಮೊದಲ ದಿನ ಬೆಳಿಗ್ಗೆ: ಅ 263 ಗ್ರಾಂ, ಆ 260 ಗ್ರಾಂ
ಮೊದಲ ದಿನ ಸಂಜೆ: ಅ 261, ಆ 260
ಎರಡನೇ ದಿನ ಬೆಳಿಗ್ಗೆ: ಅ 257, ಆ 260
ಎರಡನೇ ದಿನ ಸಂಜೆ: ಅ 255, ಆ 259
ಮೂರನೇ ದಿನ ಬೆಳಿಗ್ಗೆ: ಅ 254, ಆ 259
ಮೂರನೇ ದಿನ ಸಂಜೆ: ಅ 254, ಆ 259
ನಾಲ್ಕನೇ ದಿನ ಬೆಳಿಗ್ಗೆ: ಅ 254, ಆ 259

"ಅ" ಇಳಿದದ್ದು 9 ಗ್ರಾಂ, "ಆ" ಇಳಿದದ್ದು 1 ಗ್ರಾಂ. ಹೋದ ಅನಿಲ 8 ಗ್ರಾಂ. 20 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೋಗಬೇಕಾದ್ದು ಸುಮಾರು 10 ಗ್ರಾಂ. ಉಳಿದ 2 ಗ್ರಾಂ ಎಲ್ಲಿ? ಸ್ವಲ್ಪ ಅನಿಲ ದ್ರವದಲ್ಲೇ ಕರಗಿರಬಹುದು. ಸ್ವಲ್ಪ ಸಕ್ಕರೆಯನ್ನು ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲು ಬಳಸಿರಬಹುದು. ತಕ್ಕಡಿ 1 ಗ್ರಾಂಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲ. ಇಲ್ಲವೇ ಸಕ್ಕರೆಯೇ ಉಳಿದು ಯೀಸ್ಟ್ ಮಲಗಿರಬಹುದು. ಈ ಕೊನೆಯ ಅನುಮಾನವನ್ನು ಬಗೆಹರಿಸಲೇಬೇಕು.

ಅದಕ್ಕೊಂದು ಉಪಾಯ: 3 ಗ್ರಾಂ ಸಕ್ಕರೆಯನ್ನು ಎರಡು ಚಮಚ ನೀರಿನಲ್ಲಿ ಮೊದಲೇ ಕರಗಿಸಿ "ಅ" ಬಾಟಲಿಗೆ ಹಾಕಿ, ಹೊಸದಾಗಿ ತೂಗಿ. ಒಂದು ದಿನ ಬಿಟ್ಟು ಮತ್ತೆ ತೂಗಿ. ತೂಕ ಪುನಃ ಇಳಿದರೆ ಏನರ್ಥ? ಯೀಸ್ಟ್ ಎಚ್ಚರವಾಗಿಯೇ ಇತ್ತು, ತಿನ್ನಲು ಮಾತ್ರ ಏನೂ ಇರಲಿಲ್ಲ. ಅಂದರೆ ಹುದುಗುವಿಕೆ ನಿಜವಾಗಿ ಮುಗಿದಿತ್ತು. ತೂಕ ಇಳಿಯದಿದ್ದರೆ? ಯೀಸ್ಟೇ ಕೆಲಸ ಬಿಟ್ಟಿತ್ತು, ಸಕ್ಕರೆ ಉಳಿದಿರಬಹುದು. ಮುಗಿದಿತ್ತು ಎಂದು ಹೇಳುವ ಹಾಗಿಲ್ಲ.

ಸಕ್ಕರೆಯನ್ನು ಕರಗಿಸಿಯೇ ಹಾಕಿ ಎಂದದ್ದು ಸುಮ್ಮನೆ ಅಲ್ಲ. ಸಕ್ಕರೆ ಹರಳುಗಳನ್ನು ಹಾಗೆಯೇ ಸುರಿದರೆ ಅವುಗಳ ಮೇಲ್ಮೈಯಲ್ಲಿ ಕರಗಿದ ಅನಿಲ ಒಮ್ಮೆಲೇ ಗುಳ್ಳೆಯಾಗಿ ಎದ್ದು ನೊರೆ ಉಕ್ಕುತ್ತದೆ. ನೀವು "ಓ, ಯೀಸ್ಟ್ ಎಚ್ಚರವಾಯಿತು!" ಎಂದು ಮೋಸಹೋಗುತ್ತೀರಿ. ಮತ್ತೆ ಗುಳ್ಳೆಯದ್ದೇ ಸುಳ್ಳು.

ಎಚ್ಚರಿಕೆ: ಈ ದ್ರವದಲ್ಲಿ ಆಲ್ಕೋಹಾಲ್ ಇರುತ್ತದೆ. ರುಚಿ ನೋಡಲೂ ಕೂಡದು. ಪ್ರಯೋಗ ಮುಗಿದ ಕೂಡಲೇ ಶಿಕ್ಷಕರ ಎದುರಿನಲ್ಲಿ ಚೆಲ್ಲಿ ಬಾಟಲಿ ತೊಳೆಯಿರಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕಾನೂನಿಗೆ ವಿರುದ್ಧ ಎಂಬುದೂ ನೆನಪಿರಲಿ.

ಮತ್ತೆ ಅಡುಗೆಮನೆಗೆ

ಈಗ ದೋಸೆ ಹಿಟ್ಟಿನ ಬಳಿಗೆ ಹಿಂತಿರುಗೋಣ. ಅಲ್ಲಿ ಹೆಚ್ಚಿನ ಕೆಲಸ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳದ್ದು. ಅವು ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತವೆ, ಆಮ್ಲ ಬಿಟ್ಟು ಹುಳಿ ಮಾಡುತ್ತವೆ. ಆದರೆ ಅಮ್ಮ ಹುದುಗುವಿಕೆ ಮುಗಿಯುವವರೆಗೆ ಕಾಯುವುದೇ ಇಲ್ಲ! ಮುಗಿಯಲು ಬಿಟ್ಟರೆ ಹಿಟ್ಟು ತಿನ್ನಲಾಗದಷ್ಟು ಹುಳಿಯಾದೀತು. ಸರಿಯಾದ ಹಂತದಲ್ಲಿ ಅದನ್ನು ತಡೆಯುವುದು ಅವರ ಜಾಣ್ಮೆ. ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟರೆ ಸೂಕ್ಷ್ಮಜೀವಿಗಳು ಮಂಕಾಗುತ್ತವೆ, ಸಾಯುವುದಿಲ್ಲ. ಹೊರಗೆ ತೆಗೆದರೆ ಹುಳಿ ಮತ್ತೆ ಏರುತ್ತದೆ. ಅಲ್ಲಿ ಕ್ರಿಯೆ ನಿಂತಿದೆ, ಮುಗಿದಿಲ್ಲ. ತೆಂಗಿನ ಮರದಿಂದ ಸಿಹಿ ನೀರಾ ಇಳಿಸುವವರು ಮಡಕೆಯ ಒಳಗೆ ಸುಣ್ಣ ಸವರುವುದೂ ಇದಕ್ಕೇ. ಸುಣ್ಣದ ಕ್ಷಾರ ಗುಣ ಸೂಕ್ಷ್ಮಜೀವಿಗಳ ಕೆಲಸವನ್ನು ತಡೆಯುತ್ತದೆ. ಸುಣ್ಣ ಇಲ್ಲದಿದ್ದರೆ ಅದೇ ರಸ ಮರದ ಮೇಲೆಯೇ ಹುದುಗಲು ಶುರುವಾಗಿ ಕಳ್ಳಾಗುತ್ತದೆ.

ಹಣ್ಣಿನ ರಸ, ಬೆಲ್ಲದ ನೀರು, ಎಳನೀರು ಇಂಥವನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ದಿನಗಟ್ಟಲೆ ಹೊರಗೆ ಮರೆತುಬಿಡಬೇಡಿ. ಬಾಟಲಿ ಉಬ್ಬಿ ಗಟ್ಟಿಯಾಗಿದ್ದರೆ ನೀವಾಗಿ ತೆರೆಯಲು ಹೋಗದೆ ದೊಡ್ಡವರಿಗೆ ಹೇಳಿ. ಗುಳ್ಳೆ ಕಾಣಲಿಲ್ಲ ಎಂದ ಮಾತ್ರಕ್ಕೆ ಒಳಗೆ ಏನೂ ನಡೆಯುತ್ತಿಲ್ಲ ಎಂದಲ್ಲ, ಅಲ್ಲವೇ?

ಯೋಚಿಸಿ, ಉತ್ತರ ಬರೆಯಿರಿ

1. ಪ್ರಯೋಗದಲ್ಲಿ ಹತ್ತಿಯ ಬದಲು ಬಾಟಲಿಯ ಬಾಯಿಗೆ ದೊಡ್ಡ ಬಲೂನು ಕಟ್ಟಿದ್ದರೆ ತಕ್ಕಡಿಯ ಅಂಕಿಯನ್ನು ನಂಬಬಹುದಿತ್ತೇ? ಗಾಳಿಯ ತೇಲಿಸುವ ಬಲವನ್ನೂ ನೆನಪಿಟ್ಟುಕೊಂಡು ಉತ್ತರಿಸಿ.

2. ಒಂದು ಜಾಡಿಯ ಅಂಕಿ ಸೋಮವಾರ 1.014, ಬುಧವಾರ 1.012, ಶುಕ್ರವಾರ 1.012. ಇವತ್ತು ಬಾಟಲಿ ತುಂಬಬಹುದೇ? ಇಲ್ಲವಾದರೆ ಮುಂದೆ ಏನು ಮಾಡುತ್ತೀರಿ?

3. ಜ್ವರ ಇಳಿಯಿತು ಎಂದು ಡಾಕ್ಟರು ಒಂದೇ ಸಲ ಥರ್ಮಾಮೀಟರ್ ಇಟ್ಟು ಯಾಕೆ ತೀರ್ಮಾನಿಸುವುದಿಲ್ಲ? ಈ ಪಾಠಕ್ಕೂ ಅದಕ್ಕೂ ಏನು ಸಂಬಂಧ?

4. ನಿಮ್ಮ ಮನೆಯಲ್ಲಿ ಒಂದು ವಾರ ದೋಸೆ ಹಿಟ್ಟಿನ ಎತ್ತರವನ್ನು ಪಾತ್ರೆಯ ಹೊರಗೆ ಗುರುತು ಹಾಕಿ ಅಳೆಯಿರಿ. ಅಮ್ಮ "ಬಂದಿದೆ" ಎಂದ ಹೊತ್ತನ್ನೂ ಬರೆದಿಡಿ. ಅವರ ಮೂಗಿಗೂ ನಿಮ್ಮ ಅಳತೆಗೂ ಎಷ್ಟು ಹೊಂದುತ್ತದೆ, ತರಗತಿಯಲ್ಲಿ ಹೇಳಿ.